ಚೆಂದ ಎನ್ನುವ ಮೊದಲು

ಹಲಗೆಯ ಮೇಲೆ ಹಾಸಿದ ಬಟ್ಟೆಗೆ ರವೆ ಉದುರಿಸಿ, ಮೆನ್ನಾನಾ ಹಿಟ್ಟಿನ ಉಂಡೆಗಳನ್ನು ಒಂದೊಂದಾಗಿ ತಟ್ಟಿ ಇಡುತ್ತಿದ್ದಳು. ಇನ್ನೆರಡು ಉಂಡೆ ಉಳಿದಿರುವಾಗ ನಾದಿನಿ ರಹಿಮೊ ಮೆಟ್ಟಿಲ ಬುಡದಿಂದಲೇ ಕೂಗಿಕೊಂಡು ಬಂದಳು.

"ಅತ್ತಿಗೇ! ನಿಧಾನಕ್ಕೆ ತಟ್ಟು, ಚೆನ್ನಾಗಿ ತಟ್ಟು. ಇವತ್ತು ನಿನ್ನ ರೊಟ್ಟಿ ಆಕಾಶಕ್ಕೆ ಹೋಗತ್ತೆ!"

"ಮೊದಲು ಉಸಿರು ತಗೋ. ಏನಾಯ್ತು?"

"ಒಲೆಮನೆ ಅಹ್ಮಿದೊ ಹೇಳಿದ. ಸರ್ಕಸ್ಸಿನವರು ಈ ಸಲ ನಮ್ಮ ಕೇರಿಯಿಂದ ಹಲಗೆ ತಗೋತಾರಂತೆ. ಯಾರದ್ದು ಕೊಡ್ತೀಯೋ ಅಂದೆ. ಮೆನ್ನಾನಾದು ಬಿಟ್ಟು ಇನ್ಯಾರದ್ದು ಕೊಡ್ಲಿ, ಬೇರೆಯವರು ತಟ್ಟಿದ್ದು ರೊಟ್ಟಿನೋ ಚಪ್ಪಲಿನೋ ಗೊತ್ತಾಗಲ್ಲ ಅಂದ. ಸರ್ಕಸ್ಸಿನ ಶಾಮಾ ತಲೆ ಮೇಲೆ ನಿನ್ನ ಹಲಗೆ, ಅತ್ತಿಗೆ!"

ಮೆನ್ನಾನಾಳ ಅಂಗೈಯಲ್ಲಿದ್ದ ಉಂಡೆ ಅಲ್ಲೇ ಉಳಿಯಿತು. ಕಿಟಕಿಯ ಪಕ್ಕ ಚಹಾ ಕುಡಿಯುತ್ತ ಕೂತಿದ್ದ ಅವಳ ಗಂಡ ಮ್ಫದ್ದಲ್ ಲೋಟ ಕೆಳಗಿಟ್ಟು ನಕ್ಕ.

"ಹುಲಿ ಇಲ್ಲ, ಆನೆ ಇಲ್ಲ, ಜೋಕರ್ ಇಲ್ಲ. ಕೊನೆಗೆ ರೊಟ್ಟಿನೂ ನಮ್ಮ ಮನೇದೇ ಬೇಕಾ? ಇದೆಂಥ ಸರ್ಕಸ್ಸು!"

"ನಿನಗೆ ಬಂದರು, ಮೀನು, ಮಂಜುಗಡ್ಡೆ ಬಿಟ್ಟು ಏನು ಗೊತ್ತಣ್ಣ? ನೀನು ಸುಮ್ನಿರು" ಎಂದಳು ರಹಿಮೊ.

"ನನ್ನ ಹಲಗೆ ಬೇಡ" ಎಂದಳು ಮೆನ್ನಾನಾ. "ಅದು ಅಂಚಿನಲ್ಲಿ ಸೀಳಿದೆ."

"ಎಲ್ಲಿ ಸೀಳಿದೆ? ತೋರಿಸು." ರಹಿಮೊ ಹಲಗೆಯ ಅಂಚಿನುದ್ದಕ್ಕೂ ಬೆರಳಾಡಿಸಿದಳು. "ಬೆಣ್ಣೆ ಹಾಗಿದೆ. ಏನಾಗಿದೆ ನಿನಗೆ? ಬೇರೆಯವಳಾಗಿದ್ರೆ ಇಷ್ಟೊತ್ತಿಗೆ ಕುಣೀತಿದ್ಲು."

ಮೆನ್ನಾನಾ ಉಳಿದ ಉಂಡೆಗಳನ್ನು ಬೇಗ ಬೇಗ ತಟ್ಟಿದಳು. ಅವಸರದಲ್ಲಿ ಕೊನೆಯ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಯಿತು.

ಈ ತಂಡ ಹೋದಲ್ಲೆಲ್ಲ ನಡೆಸಿಕೊಂಡು ಬಂದ ಪದ್ಧತಿ ಅದು. ಯಾವ ಊರಿನಲ್ಲಿ ಡೇರೆ ಹಾಕುತ್ತಾರೋ ಆ ಊರಿನ ಮನೆಗಳ ರೊಟ್ಟಿಯೆಲ್ಲ ಬೇಯುವ ಒಂದು ಒಲೆಯಿಂದ, ಒಂದು ಮನೆಯ ಹಲಗೆಯನ್ನು, ಬೆಂದ ಬಿಸಿ ರೊಟ್ಟಿಯ ಸಮೇತ ಎರವಲು ತರುತ್ತಾರೆ. ಆಟದ ಕೊನೆಯಲ್ಲಿ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರವಾಗುತ್ತಾರೆ. ಎಲ್ಲಕ್ಕಿಂತ ಕೆಳಗೆ ತಂಡದ ಹಿರಿಯ ಅಯ್ಯಾದ್ ನಿಂತಿರುತ್ತಾನೆ, ಎಲ್ಲಕ್ಕಿಂತ ಮೇಲೆ ಶಾಮಾ ಹತ್ತುತ್ತಾಳೆ. ಅವಳು ಮನೆಯಲ್ಲಿ ಉಡುವ ಮಾಸಿದ ಲಂಗವನ್ನೇ ಉಟ್ಟಿರುತ್ತಾಳೆ. ಹಲಗೆಯನ್ನು ಕೈಯಿಂದ ಕೈಗೆ ದಾಟಿಸಿ ಅವಳಿಗೆ ಮುಟ್ಟಿಸುತ್ತಾರೆ. ಅವಳು ಅದನ್ನು ತಲೆಯ ಮೇಲಿಟ್ಟುಕೊಂಡು, ಒಲೆಗೆ ಹೊರಟ ಹುಡುಗಿಯ ಹಾಗೆ ಒಂದು ಕೈಯನ್ನು ಸೊಂಟದ ಮೇಲಿಟ್ಟು, ಹೆಗಲಿಂದ ಹೆಗಲಿಗೆ ಮೆಟ್ಟಿಲಿಳಿದಂತೆ ಇಳಿದು ಬರುತ್ತಾಳೆ. ಆಮೇಲೆ ಆ ರೊಟ್ಟಿಯನ್ನು ಮುರಿದು ಜನಕ್ಕೆ ಹಂಚುತ್ತಾರೆ.

ಮೊದಲ ಸಲ ಅದನ್ನು ಕಂಡ ದಿನ ಮೆನ್ನಾನಾ ಡೇರೆಯಲ್ಲಿ ಕೂತು ಅತ್ತಿದ್ದಳು. ಸಣ್ಣವಳಾಗಿದ್ದಾಗ ಹಲಗೆ ಹೊತ್ತು ಓಣಿ ಇಳಿಯುತ್ತಿದ್ದ ತನ್ನನ್ನೇ ಯಾರೋ ಎತ್ತಿ ಆಕಾಶದಲ್ಲಿ ನಡೆಸಿದ ಹಾಗಿತ್ತು. ಅಂದಿನಿಂದ ಅವಳಿಗೆ ಇದರ ಹುಚ್ಚು. ಡೇರೆ ಅಸೀಲಾದಲ್ಲಿರಲಿ, ತೆತ್ವಾನಿನಲ್ಲಿರಲಿ, ತಮ್ಮೂರು ಲರಾಶಿನಿಂದ ರಹಿಮೊಳನ್ನು ಎಳೆದುಕೊಂಡು ಬಾಡಿಗೆ ಕಾರಿನಲ್ಲಿ ಆರು ಜನರ ನಡುವೆ ಒತ್ತಿಕೊಂಡು ಹೋಗುತ್ತಿದ್ದಳು. ಕಂಬಳಿಯ ಆಟ ಚೆನ್ನಾಗಿತ್ತೋ ದೋಣಿಯ ಆಟ ಚೆನ್ನಾಗಿತ್ತೋ ಎಂದು ಅತ್ತಿಗೆ ನಾದಿನಿ ದಾರಿಯುದ್ದಕ್ಕೂ ಜಗಳವಾಡುತ್ತಿದ್ದರು. ಗೋಪುರದ ಎರಡನೆಯ ಸಾಲಿನ ಹುಡುಗ ಬದಲಾದರೆ, ಡೋಲಿನವನು ಮದುವೆಯಾಗಿ ತೂಕ ಹೆಚ್ಚಿಸಿಕೊಂಡರೆ, ಇವರಿಗೆ ತಿಳಿಯುತ್ತಿತ್ತು. ತೆತ್ವಾನಿನ ಒಬ್ಬ ಟೀಚರಮ್ಮ, ಕ್ಸಾರಿನ ಒಬ್ಬ ಕ್ಷೌರಿಕ, ಹೀಗೆ ಎಲ್ಲ ಊರುಗಳಲ್ಲೂ ಕಾಣುವ ಮುಖಗಳು ನೆಂಟರಂತಾಗಿದ್ದವು.

ಹುಚ್ಚಿಗೆ ಇನ್ನೊಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೆನ್ನಾನಾಳದು ಅಜ್ಜಿಯಿಂದ ಬಂದ ಬೂದುಹಸಿರು ಕಣ್ಣು. ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಎಲ್ಲರೂ ಹೊಗಳಿದರು. ವರ್ಷಗಳು ಕಳೆದು ಮಕ್ಕಳಾಗದೆ ಹೋದಾಗ ಅದೇ ಕಣ್ಣಿನ ಬಗ್ಗೆ ಮಾತು ಬದಲಾಯಿತು. ಅವಳು ಬಾಗಿಲಿಗೆ ಬಂದರೆ ಅತ್ತೆ ಮನೆಯ ಕೂಸುಗಳ ಮೇಲೆ ಹೊದಿಕೆ ಎಳೆಯುತ್ತಿದ್ದಳು. ರಹಿಮೊ ಒಳ್ಳೆಯವಳು, ಒಡಹುಟ್ಟಿದವಳ ಹಾಗೆ. ಅವಳೂ ಸಹ ತನ್ನ ಮಗುವನ್ನು ಅತ್ತಿಗೆಯ ಮಡಿಲಿಗೆ ಹಾಕುವ ಮುನ್ನ, ದೃಷ್ಟಿಯಾಗದಿರಲೆಂದು ಅದರ ಅಂಗಿಗೆ ಚುಚ್ಚಿದ ಬೆಳ್ಳಿಯ ಪುಟ್ಟ ಕೈ ಸರಿಯಾಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡುತ್ತಿದ್ದಳು. ತಾನು ಹಾಗೆ ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಮೆನ್ನಾನಾಳಿಗೆ ಗೊತ್ತಿತ್ತು. ಮೆಲ್ಲಗೆ ಅವಳು ನೆಲ ನೋಡುತ್ತ ನಡೆಯುವುದನ್ನು ಕಲಿತಳು. ಕಸೂತಿಯನ್ನಾಗಲಿ, ಮದುಮಗಳನ್ನಾಗಲಿ, ತುಂಬಿದ ಬುಟ್ಟಿಯನ್ನಾಗಲಿ ತುಸು ಹೊತ್ತು ನೋಡುವ ಧೈರ್ಯ ಅವಳಿಗಿರಲಿಲ್ಲ. ನೋಡಿದರೂ "ತಬಾರಕಲ್ಲಾ" ಎನ್ನದೆ ಬಾಯಿ ತೆರೆಯುತ್ತಿರಲಿಲ್ಲ. ದೇವರ ಹೆಸರನ್ನು ಮುಂದಿಟ್ಟು ಆಮೇಲೆ ಚೆಂದ ಎನ್ನಬೇಕು. ಇಲ್ಲದಿದ್ದರೆ ಆ ಮಾತೇ ಕಲ್ಲಾಗಿ ಬೀಳುತ್ತದೆ.

ಡೇರೆಯ ಕತ್ತಲೆಯಲ್ಲಿ ಮಾತ್ರ ಆ ಹೆದರಿಕೆ ಇರಲಿಲ್ಲ. ಅಷ್ಟೊಂದು ಜನ ಬಾಯಿ ಬಿಟ್ಟು ನೋಡುತ್ತಿರುವಾಗ ಒಬ್ಬಳ ಕಣ್ಣು ಯಾರ ಲೆಕ್ಕಕ್ಕೆ? ಅಲ್ಲಿ ಅವಳು ಹಸಿದವರು ಉಣ್ಣುವ ಹಾಗೆ ನೋಡುತ್ತಿದ್ದಳು.

ಕಳೆದ ವಸಂತದವರೆಗೆ.

ಅಸೀಲಾದಲ್ಲಿ ಆ ದಿನ ಶಾಮಾ ಮೇಲೆ ಹತ್ತಿ ಹಲಗೆಯನ್ನು ತಲೆಗೇರಿಸಿದ್ದಳು. ಡೋಲು ನಿಂತಿತ್ತು. ಡೇರೆಯಲ್ಲಿ ಸೊಳ್ಳೆ ಹಾರಿದರೂ ಕೇಳುವಷ್ಟು ಮೌನ. ಆ ಮೌನದೊಳಗೆ ಮೆನ್ನಾನಾಳ ಬಾಯಿಂದ, ಅವಳನ್ನು ಕೇಳದೆಯೇ, ಮಾತು ಹೊರಬಿತ್ತು: "ಅಯ್ಯೋ, ಎಷ್ಟು ಚೆಂದ ಇದ್ದಾಳೆ!"

ದೇವರ ಹೆಸರು ಬಂದಿರಲಿಲ್ಲ. ಶಾಮಾಳ ಕಣ್ಣು ಒಂದು ಕ್ಷಣ ದನಿ ಬಂದ ಕಡೆ ತಿರುಗಿತು. ಮರುಕ್ಷಣ ಅವಳು ಮೇಲಿರಲಿಲ್ಲ. ರೊಟ್ಟಿಗಳು ಉರುಳಿದ್ದು, ಅಯ್ಯಾದ್ ಕೈ ಚಾಚಿದ್ದು, ನೆಲಕ್ಕೆ ಬಿದ್ದ ಮೈಯ ಸದ್ದು. ಎಡಭುಜದ ಮೂಳೆ ಮುರಿಯಿತೆಂದು ಆಮೇಲೆ ತಿಳಿಯಿತು. ವಾಪಸು ಬರುವಾಗ ಕಾರಿನಲ್ಲಿ ರಹಿಮೊ ಕಿಟಕಿಯಾಚೆ ನೋಡುತ್ತ, "ಆ ಒಂದು ಶಬ್ದ ಹೇಳ್ಬೇಕಿತ್ತು ಅತ್ತಿಗೆ" ಎಂದಿದ್ದಳು. ಅಷ್ಟೇ. ಆಮೇಲೆ ಎಂದೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಮೆನ್ನಾನಾಳಿಗೆ ಹಗುರವಾಗುತ್ತಿತ್ತೇನೋ.

ಈಗ ಅದೇ ಶಾಮಾ ಮತ್ತೆ ಹತ್ತುತ್ತಿದ್ದಾಳೆ. ಕೋಟೆಯ ಹಿಂದಿನ ಬಯಲಿನಲ್ಲಿ ಡೇರೆ ಎದ್ದಾಗಿನಿಂದ ಮೆನ್ನಾನಾಳಿಗೆ ಊಟ ಸೇರುತ್ತಿರಲಿಲ್ಲ. ಜ್ವರ ಎಂದು ಹೇಳಿ ಮನೆಯಲ್ಲೇ ಇದ್ದುಬಿಡಬೇಕೆಂದಿದ್ದಳು. ಹಲಗೆ ಆ ದಾರಿಯನ್ನೂ ಮುಚ್ಚಿತು. ಹಲಗೆಯ ಮನೆಯವರು ಆಟಕ್ಕೆ ಬಾರದಿದ್ದರೆ ಊರು ಏನೆಂದೀತು?

ಹಲಗೆಯನ್ನು ಮೊದಲೇ ಕಳಿಸಿ, ರೊಟ್ಟಿ ಬೆಂದಿರುವ ಹೊತ್ತಿಗೆ ಅವಳು ಒಲೆಮನೆಗೆ ಹೋದಳು. ಅಹ್ಮಿದೊ ಉದ್ದ ಕೋಲಿನ ಚಪ್ಪಟೆ ಸಟ್ಟುಗದಿಂದ ರೊಟ್ಟಿಗಳನ್ನು ಎಳೆದು ಅವಳ ಹಲಗೆಗೆ ಹಾಕುತ್ತಿದ್ದ. ಅವನ ಪಕ್ಕದಲ್ಲಿ ಕೂದಲನ್ನು ಮೇಲಕ್ಕೆತ್ತಿ ಕಟ್ಟಿದ ಹುಡುಗಿಯೊಬ್ಬಳು ಬಿಸಿ ರೊಟ್ಟಿಯ ತುಣುಕನ್ನು ಊದಿ ಊದಿ ತಿನ್ನುತ್ತಿದ್ದಳು. ಹತ್ತಿರದಿಂದ ನೋಡಿದರೆ ಶಾಮಾ ಎಷ್ಟು ಗಿಡ್ಡ! ಮೂಗಿನ ಮೇಲೆ ಸಿಡುಬಿನ ಒಂದು ಚುಕ್ಕೆಯೂ ಇತ್ತು. ಮೆನ್ನಾನಾ ತಕ್ಷಣ ಕಣ್ಣು ತಗ್ಗಿಸಿದಳು.

"ಬಂದ್ಲು ನೋಡು ರೊಟ್ಟಿಯವಳು" ಎಂದ ಅಹ್ಮಿದೊ. "ಅರ್ಧ ರೊಟ್ಟಿ ಆಗ್ಲೇ ಖಾಲಿ ಮಾಡಿದಾಳೆ ಈ ಹುಡುಗಿ. ಮೇಲೆ ಹತ್ತೋ ಹೊತ್ತಿಗೆ ಬರೀ ಹಲಗೆ ಉಳಿಯತ್ತೆ."

"ಸುಳ್ಳು ಹೇಳ್ತಾನೆ ಚಿಕ್ಕಮ್ಮ, ನಾನು ತಿಂದಿದ್ದು ಮುರಿದು ಹೋಗಿದ್ದ ಒಂದೇ ಒಂದು." ಶಾಮಾ ಕೈ ಒರೆಸಿಕೊಂಡಳು. ಹಲಗೆಯನ್ನು ಹೊರುವವಳೇ ಬಂದು ಕೊಂಡೊಯ್ಯಬೇಕು, ಊರ ನಡುವೆ ತಲೆಯ ಮೇಲಿಟ್ಟುಕೊಂಡೇ ಡೇರೆಗೆ ನಡೆಯಬೇಕು; ಅದೂ ಅವರ ಪದ್ಧತಿ. "ನೀವೇ ಎತ್ತಿ ಇಡ್ತೀರಾ? ಈ ಎಡಗೈ ಇನ್ನೂ ಇಷ್ಟಕ್ಕಿಂತ ಮೇಲೇಳಲ್ಲ." ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿ, ದನಿ ತಗ್ಗಿಸಿದಳು. "ಅಯ್ಯಾದ್ ಮಾವನಿಗೆ ಹೇಳ್ಬೇಡಿ ಮತ್ತೆ. ಗೊತ್ತಾದ್ರೆ ಕೆಳಗೆ ಚಾಪೆ ಮಡಚೋ ಕೆಲಸ ಕೊಡ್ತಾನೆ."

ಮೆನ್ನಾನಾ ಹಲಗೆಯನ್ನು ಎತ್ತಿದಳು. ಅವಳ ಕಣ್ಣು ಶಾಮಾಳ ಕೊರಳಿನ ಮಟ್ಟದಲ್ಲಿತ್ತು. ಅಲ್ಲಿ ಕಪ್ಪು ದಾರದಲ್ಲಿ ಸಣ್ಣದೊಂದು ಚರ್ಮದ ತಾಯಿತ ನೇತಾಡುತ್ತಿತ್ತು.

"ಇದಾ?" ಶಾಮಾ ನಕ್ಕಳು. "ಅಮ್ಮ ಕಟ್ಟಿದ್ದು. ನಾನು ಬಿದ್ದೆನಲ್ಲ, ಕೆಂಡದ ಮೇಲೆ ಪಟಿಕ ಹಾಕಿ ನೋಡಿದ್ಲಂತೆ. ಉಬ್ಬಿ ಉಬ್ಬಿ ಹೆಂಗಸಿನ ಮುಖ ಆಯ್ತಂತೆ. ಯಾವಳದ್ದೋ ಕಣ್ಣು ಬಿದ್ದಿದೆ ಅಂತ ಒಂದು ವಾರ ಶಾಪ ಹಾಕಿದ್ಲು. ನಾನು ಇದನ್ನೆಲ್ಲ ನಂಬಲ್ಲ ಚಿಕ್ಕಮ್ಮ." ತಾಯಿತವನ್ನು ಅಂಗಿಯೊಳಗೆ ಸೇರಿಸಿದಳು. "ನಂಬಲ್ಲ ಅಂತೀನಿ. ಬಿಚ್ಚಿಡೋಕೂ ಆಗಲ್ಲ."

ಹೆಂಗಸಿನ ಮುಖ. ಹಲಗೆ ಆ ತಲೆಯ ಮೇಲೆ ಕೂತಿದ್ದು, ಹುಡುಗಿ ಕತ್ತು ನೆಟ್ಟಗೆ ಮಾಡಿ ಓಣಿಯಲ್ಲಿ ನಡೆದದ್ದು, ಅಂಗಡಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಮೆನ್ನಾನಾಳಿಗೆ ಕನಸಿನಲ್ಲಾದಂತೆ ಇತ್ತು. ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಕೆಂಡದ ಮೇಲೆ ಉಬ್ಬಿದ ಮುಖಕ್ಕೆ ಬೂದುಹಸಿರು ಕಣ್ಣಿತ್ತೇ ಎಂದು ಕೇಳಬೇಕೆನ್ನಿಸಿತು. ಹೇಗೆ ಕೇಳುವುದು?

ಮಧ್ಯಾಹ್ನದ ಆಟ ಹೆಂಗಸರು ಮಕ್ಕಳಿಂದ ತುಂಬಿತ್ತು. ರಹಿಮೊ ಎಂದಿನ ಕಂಬದ ಪಕ್ಕ ಜಾಗ ಹಿಡಿದು, ಸಿಕ್ಕಿದವರಿಗೆಲ್ಲ "ನಮ್ಮತ್ತಿಗೆ ರೊಟ್ಟಿ" ಎಂದು ಸಾರುತ್ತಿದ್ದಳು. ಮುಂದೆ ಕೂತ ಹೆಂಗಸೊಬ್ಬಳು ತಿರುಗಿ ನೋಡಿ ಅಂದಳು, "ಅಷ್ಟು ಹೇಳ್ತೀಯಲ್ಲ, ನೀನು ಏನು ಮಾಡಿದೆ, ಉಪ್ಪು ಹಾಕಿದ್ಯಾ?"

"ನಾನು ರುಚಿ ನೋಡಿದೆ ಕಣೇ. ಅದೂ ಕೆಲಸಾನೇ."

ಅಯ್ಯಾದ್ ಅಂಗಳದ ನಡುವೆ ಬಂದು ನಿಂತು ಅಂಗೈಗಳನ್ನು ಮೇಲಕ್ಕೆ ತೆರೆದ. ಡೇರೆಯ ಜನವೆಲ್ಲ ಅಂಗೈ ತೆರೆದು ಅವನೊಂದಿಗೆ ಪ್ರಾರ್ಥಿಸಿದರು. ಅಜ್ಜಂದಿರ ಕಾಲದಲ್ಲಿ ಸಂತೆಯ ಮಣ್ಣಿನಲ್ಲಿ ಲಾಗ ಹಾಕುವ ಮುನ್ನವೂ ಹೀಗೇ ಕೇಳಿಕೊಳ್ಳುತ್ತಿದ್ದರಂತೆ. ಮೆನ್ನಾನಾ ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ತೆರೆದೇ ಇದ್ದಳು. ದೇವರೇ, ನನ್ನ ಕಣ್ಣನ್ನು ಕಟ್ಟು.

ಗೋಪುರ ಏಳತೊಡಗಿದಾಗ ಅವಳು ಕಣ್ಣು ಮುಚ್ಚಿದಳು. ಸುಮ್ಮನೆ ರೆಪ್ಪೆ ಮುಚ್ಚಿದರೆ ಸಾಲದೆಂದು ತಲೆವಸ್ತ್ರವನ್ನೂ ಮುಂದಕ್ಕೆಳೆದುಕೊಂಡಳು. ತುಟಿ ಬಿಗಿದು ಒಳಗೊಳಗೇ ತಬಾರಕಲ್ಲಾ, ತಬಾರಕಲ್ಲಾ ಎನ್ನುತ್ತಿದ್ದಳು. ಕಣ್ಣು ಮುಚ್ಚಿದರೂ ಎಲ್ಲವೂ ಗೊತ್ತಾಗುತ್ತಿತ್ತು. ಡೋಲಿನ ಈ ಹೊಡೆತಕ್ಕೆ ಎರಡನೆಯವನು ಹತ್ತುತ್ತಾನೆ. ಈಗ ಮೂರನೆಯವನು. ಡೋಲು ನಿಲ್ಲುತ್ತದೆ, ಶಾಮಾ ಮೇಲೆ ನಿಂತಳು. ಹಲಗೆ ಕೈಯಿಂದ ಕೈಗೆ ದಾಟುತ್ತಿದೆ. ತನ್ನ ಉಸಿರು ಕೂಡ ಅವಳಿಗೆ ತಾಗಬಾರದೆಂದು ಮೆನ್ನಾನಾ ಉಸಿರು ಹಿಡಿದಳು.

ಆಗ ಡೇರೆಯ ಜನರೆಲ್ಲ ಒಟ್ಟಿಗೆ "ಹಾ" ಎಂದರು.

ರಹಿಮೊಳ ಉಗುರು ಅವಳ ತೋಳಿಗೆ ನಾಟಿತು. ಮೆನ್ನಾನಾ ಕಣ್ಣು ಬಿಟ್ಟಳು.

ಮೇಲೆ ಹಲಗೆ ಓರೆಯಾಗಿತ್ತು. ರೊಟ್ಟಿಯೊಂದು ಜಾರಿ, ಅಷ್ಟೆತ್ತರದಿಂದ ಬಂದು ಅಂಗಳದ ಮಣ್ಣಿಗೆ ಬಿತ್ತು. ಶಾಮಾಳ ಬಲಗೈ ಹಲಗೆಯ ಅಂಚನ್ನು ಹಿಡಿದಿತ್ತು. ಎಡಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತು ನಡುಗುತ್ತಿತ್ತು. ಇನ್ನೊಂದು ಗೇಣು ಮೇಲೆದ್ದಿದ್ದರೆ ಹಲಗೆ ಸರಿಯಾಗುತ್ತಿತ್ತು. ಏಳಲಿಲ್ಲ. ಅವಳ ಪಾದದ ಕೆಳಗಿನ ಹೆಗಲು ಒಮ್ಮೆ ಅಲುಗಿತು, ಅದರ ಕೆಳಗಿನದೂ ಅಲುಗಿತು. ಎಲ್ಲಕ್ಕಿಂತ ಕೆಳಗೆ ಅಯ್ಯಾದ್ ಕತ್ತಿನ ನರ ಉಬ್ಬಿಸಿಕೊಂಡು ನೇರ ಎದುರಿಗೆ ನೋಡುತ್ತಿದ್ದ. ಬುಡದಲ್ಲಿ ನಿಂತವನಿಗೆ ತುದಿ ಕಾಣುವುದಿಲ್ಲ. ಭಾರ ಮಾತ್ರ ಗೊತ್ತಾಗುತ್ತದೆ.

ನಾನು ನೋಡುತ್ತಿರಲಿಲ್ಲ, ಎಂದುಕೊಂಡಳು ಮೆನ್ನಾನಾ. ನಾನು ನೋಡದೆ ಇದ್ದಾಗಲೇ ಇದಾಯಿತು.

ಆ ಮಾತಿನಿಂದ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ, ಹೆದರಿಕೆ ಇನ್ನೂ ದೊಡ್ಡದಾಯಿತು. ಇಷ್ಟು ದಿನ ಆ ಹುಡುಗಿಯ ಬೀಳುವಿಕೆ ತನ್ನ ರೆಪ್ಪೆಯ ಕೆಳಗಿತ್ತು, ರೆಪ್ಪೆ ಮುಚ್ಚಿದರೆ ತಡೆಯಬಹುದಿತ್ತು. ಈಗ ಅದು ಯಾರ ಕೈಯಲ್ಲೂ ಇಲ್ಲ. ಮೇಲೇಳದ ಒಂದು ತೋಳಿನಲ್ಲಿದೆ. ಆ ತೋಳಿನ ಸಂಗತಿಯನ್ನು ಹುಡುಗಿ ತನ್ನೆದುರೇ ಹೇಳಿದ್ದಳು, ಎತ್ತಿ ತೋರಿಸಿದ್ದಳು. ತಾನು ಪಟಿಕದ ಮಾತಿಗೆ ಬೆದರಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಮೆನ್ನಾನಾ ಕಣ್ಣು ಕದಲಿಸದೆ ನೋಡಿದಳು. ಶಾಮಾ ಹಲಗೆಯನ್ನು ಬಲಗೈಯೊಂದರಿಂದಲೇ ಹಿಡಿದು, ಸೊಂಟದ ಮೇಲೆ ಕೈಯಿಡುವ ಆ ಭಂಗಿಯನ್ನು ಬಿಟ್ಟು, ಹೆಗಲಿನಿಂದ ಹೆಗಲಿಗೆ ಮೆಲ್ಲಗೆ ಇಳಿದಳು. ಒಂದು ಕಡೆ ಅವಳ ಕಾಲು ಹೆಗಲನ್ನು ಹುಡುಕಿತು, ಸಿಕ್ಕಿತು. ನೆಲ ಮುಟ್ಟಿದಾಗ ಡೇರೆ ಹರಿದುಹೋಗುವಷ್ಟು ಚಪ್ಪಾಳೆ, ನಾಲಿಗೆ ಹೊರಳಿಸಿ ಹೆಂಗಸರು ಹಾಕುವ ಸಂತೋಷದ ಉಲುಲು ಕೂಗು. ಅದೂ ಆಟದ ಭಾಗವೆಂದು ಬಹಳ ಜನ ತಿಳಿದಿದ್ದರು. ಅಯ್ಯಾದ್ ಬಗ್ಗಿ ಮಣ್ಣಿಗೆ ಬಿದ್ದ ರೊಟ್ಟಿಯನ್ನು ಎತ್ತಿಕೊಂಡು ಮುತ್ತಿಟ್ಟು, ಹಣೆಗೊತ್ತಿ, ಯಾರೂ ತುಳಿಯದ ಕಡೆ ಇಟ್ಟ. ಆಮೇಲೆ ಶಾಮಾಳ ಬೆನ್ನು ತಟ್ಟಿ ಏನೋ ಹೇಳಿ ನಕ್ಕ. ಅವನಿಗೆ ಏನೂ ಗೊತ್ತಾಗಿರಲಿಲ್ಲ.

ರೊಟ್ಟಿ ಹಂಚುತ್ತ ಶಾಮಾ ಕಂಬದ ಹತ್ತಿರ ಬಂದಳು. ಹತ್ತಿರದಲ್ಲಿ ಅವಳ ತುಟಿ ಬಿಳಿಚಿತ್ತು.

"ಚಿಕ್ಕಮ್ಮ, ನಿಮ್ಮ ಒಂದು ರೊಟ್ಟಿ ಹಾರಿಹೋಯ್ತು. ಅದು ಒಂದು ಕಡೆ ತುಂಬಾ ತೆಳ್ಳಗಿತ್ತು."

"ಅದು ಇವಳು ಕೊನೇಲಿ ತಟ್ಟಿದ್ದು" ಎಂದಳು ರಹಿಮೊ. "ನಾನು ಆಗ್ಲೇ ಹೇಳಿದೆ, ನಿಧಾನಕ್ಕೆ ತಟ್ಟು ಅಂತ."

ರಹಿಮೊ ಪಕ್ಕದವಳಿಗೆ ತುಣುಕು ದಾಟಿಸಲು ತಿರುಗಿದಳು. ಮೆನ್ನಾನಾ ತಲೆ ಎತ್ತಿ ಶಾಮಾಳ ಮುಖವನ್ನು ನೇರವಾಗಿ ನೋಡಿದಳು.

"ಹೆದರಿದ್ರಾ?" ಎಂದಳು ಶಾಮಾ.

"ಹೆದರಿದೆ ಮಗಳೇ."

"ನಾನೂ" ಎಂದಳು ಹುಡುಗಿ, ತುಟಿ ಅಲುಗಿತೋ ಇಲ್ಲವೋ ಎಂಬಂತೆ. ಆಮೇಲೆ ಮುಂದಿನ ಸಾಲಿನ ಮಕ್ಕಳ ಕಡೆ ತಿರುಗಿ ದೊಡ್ಡದಾಗಿ ನಕ್ಕಳು. "ಯಾರಿಗೆ ಬೇಕು ಆಕಾಶದ ರೊಟ್ಟಿ?"

ಹೊರಗೆ ಸಮುದ್ರದ ಗಾಳಿ ಬೀಸುತ್ತಿತ್ತು. ಅತ್ತಿಗೆ ನಾದಿನಿ ಕೋಟೆಯ ಗೋಡೆಯ ಪಕ್ಕ ಹಲಗೆಯನ್ನು ನಡುವೆ ಹಿಡಿದುಕೊಂಡು ನಡೆದರು. ರಹಿಮೊಳ ಬಾಯಿಗೆ ಬಿಡುವಿರಲಿಲ್ಲ.

"ನೀನು ಕಣ್ಣು ಮುಚ್ಚಿಕೊಂಡಿದ್ದೆ, ನಾನು ನೋಡಿದೆ. ಕಾಸು ಕೊಟ್ಟು ಕಣ್ಣು ಮುಚ್ಚಿ ಸರ್ಕಸ್ ನೋಡೋಳು ಈ ಲೋಕದಲ್ಲಿ ನೀನೊಬ್ಬಳೇ." ಸ್ವಲ್ಪ ದೂರ ಹೋದ ಮೇಲೆ ದನಿ ಬದಲಾಯಿತು. "ಒಳ್ಳೇದೇ ಮಾಡಿದೆ ಬಿಡು. ನೋಡು, ಹುಡುಗಿ ಉಳ್ಕೊಂಡ್ಲು."

ಮೆನ್ನಾನಾ ಅವಳತ್ತ ತಿರುಗಿದಳು. ರಹಿಮೊಳ ಮುಖದಲ್ಲಿ ಕೇಡಿರಲಿಲ್ಲ, ಪ್ರೀತಿಯೇ ಇತ್ತು. ನಾನು ಕಣ್ಣು ಬಿಟ್ಟ ಮೇಲೆ ಅವಳು ಉಳಿದಳು ಎಂದು ಹೇಳಬಹುದಿತ್ತು. ಆದರೆ ಅದೂ ನಿಜವಲ್ಲ.

"ನಾಳಿದ್ದು ಕ್ಸಾರಿನಲ್ಲಿ ಆಟ" ಎಂದಳು ರಹಿಮೊ. "ನಾನಂತೂ ಬರಲ್ಲಮ್ಮ. ಎದೆ ಒಡೆದುಹೋಗತ್ತೆ. ನೀನು?"

"ನೋಡೋಣ."

ಕ್ಸಾರಿನಲ್ಲಿ ಆಟ ಶುರುವಾಗುವ ಮೊದಲು ಅಯ್ಯಾದ್ ಡೇರೆಯ ಹಿಂದೆ ಹಗ್ಗಗಳನ್ನು ತಾನೇ ಎಳೆದೆಳೆದು ನೋಡುತ್ತಾನೆ. ಮೆನ್ನಾನಾ ಅದನ್ನು ಎಷ್ಟೋ ಊರುಗಳಲ್ಲಿ ಕಂಡಿದ್ದಳು. ಆಗ ಹತ್ತಿರ ಹೋಗಬಹುದು. ನಿಮ್ಮ ಹುಡುಗಿಯ ಎಡಗೈ ಎದೆಗಿಂತ ಮೇಲೇಳುವುದಿಲ್ಲ, ನಾನು ಕಣ್ಣಾರೆ ಕಂಡೆ ಎನ್ನಬಹುದು. ಅಲ್ಲಿಂದ ಮುಂದೆ ಶಾಮಾ ಮೇಲೆ ಹತ್ತುವುದಿಲ್ಲ. ನಂಬಿ ಹೇಳಿದ್ದೆನಲ್ಲ ಎಂದು ಅವಳು ತನ್ನ ಮುಖವನ್ನೂ ನೋಡಲಾರಳು. ಅವಳ ತಾಯಿ ಕೆಂಡದ ಮೇಲೆ ಕಂಡ ಮುಖಕ್ಕೆ ಆಗ ಒಂದು ಹೆಸರು ಸಿಗುತ್ತದೆ, ಆ ಹೆಸರು ಕಾರಿನಿಂದ ಕಾರಿಗೆ, ಒಲೆಯಿಂದ ಒಲೆಗೆ ಬಂದು ಲರಾಶನ್ನು ಮುಟ್ಟುತ್ತದೆ. ಮತ್ತೆ ಯಾವ ಡೇರೆಯಲ್ಲೂ ತನಗೆ ಕತ್ತಲೆ ಸಿಗುವುದಿಲ್ಲ.

ಹಲಗೆಯ ಅಂಚು ಅವಳ ಬೆರಳನ್ನು ಒತ್ತುತ್ತಿತ್ತು. ಅವಳು ಹಿಡಿತ ಬದಲಿಸಿದಳು.

"ಏನು ಯೋಚನೆ?" ಎಂದಳು ರಹಿಮೊ.

"ಏನಿಲ್ಲ. ನಾಳಿದ್ದು ನಿಮ್ಮಣ್ಣನಿಗೆ ಮಧ್ಯಾಹ್ನದ ಊಟ ನೀನೇ ಹಾಕ್ತೀಯಾ? ನನಗೆ ಸ್ವಲ್ಪ ಕೆಲಸ ಇದೆ."

"ಹಾಕ್ತೀನಿ. ಎಲ್ಲಿ ಕೆಲಸ?"

"ಇಲ್ಲೇ" ಎಂದಳು ಮೆನ್ನಾನಾ, ಕ್ಸಾರಿಗೆ ಹೋಗುವ ಕಾರುಗಳು ನಿಲ್ಲುವ ಕಡೆ ನೋಡುತ್ತ.